ಆ ಶುಕ್ರವಾರ ನನ್ನ ಬಾಯಲ್ಲಿ ಮಾತಾಡಿದ್ದು

ಮೊದಲು ಹೋದದ್ದು ನಿದ್ದೆ.

ಆಮೇಲೆ ಸಣ್ಣ ಜ್ವರ, ತಲೆನೋವು. ನೈರೋಬಿಯಲ್ಲಿ ಜ್ವರ ಎಂದರೆ ಮೊದಲು ಮಲೇರಿಯಾ ಟೆಸ್ಟ್. ಅದು ನೆಗೆಟಿವ್ ಬಂತು. ನನ್ನ ಗಂಡ ಪ್ರಕಾಶನಿಗೆ ಅಷ್ಟು ಸಾಕಾಯಿತು, ನನಗೂ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿತ್ತು. ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿಗೆ ಕನ್ನಡದ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಹಬ್ಬದ ಗಡಿಬಿಡಿಗೇ ಹೀಗಾಗಿದೆ ಎಂದುಕೊಂಡೆ. ಒಗ್ಗರಣೆಗೆ ಸಾಸಿವೆ ಹಾಕಿ, ಮುಂದೇನು ಎಂದು ತಿಳಿಯದೆ ನಿಂತುಬಿಟ್ಟೆ. ಗೋಡೆಯೊಳಗಿಂದ ಯಾರೋ ನನ್ನ ಹೆಸರು ಕರೆಯುತ್ತಿದ್ದರು. ಅದನ್ನು ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಮುಂದೆ ನನಗೇನೂ ನೆನಪಿಲ್ಲ.

ಉಳಿದದ್ದೆಲ್ಲ ಪ್ರಕಾಶ ಹೇಳಿದ್ದು. ಹಬ್ಬದ ಶುಕ್ರವಾರ ಕಳಶದ ಮುಂದೆ ಕೂತವಳು ಏಳಲೇ ಇಲ್ಲವಂತೆ. ರೆಪ್ಪೆ ಮಿಟುಕಿಸಲಿಲ್ಲ. ತುಟಿ, ನಾಲಿಗೆ ತಮ್ಮಷ್ಟಕ್ಕೆ ಆಡುತ್ತಿದ್ದವು. ಆಮೇಲೆ ದಪ್ಪ ದನಿಯಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಗದರಿಸತೊಡಗಿದೆ. ಯಾರೋ "ಅಮ್ಮನವರು ಮೈಮೇಲೆ ಬಂದಿದ್ದಾರೆ" ಎಂದರು. ನನಗೇ ಆರತಿ ಎತ್ತಿದರು. ಗಂಡನ ಪ್ರಮೋಷನ್ ಯಾವಾಗ, ಊರಿಗೆ ಟ್ರಾನ್ಸ್‌ಫರ್ ಆಗುತ್ತದೆಯೇ ಎಂದೆಲ್ಲ ಕೇಳಿದರು. ಪ್ರಕಾಶನೂ ಬಾಗಿಲ ಬಳಿ ಕೈಮುಗಿದು ನಿಂತಿದ್ದ. ನಾನು ನೆಟ್ಟಗಿದ್ದಾಗ ಹೇಳಿದ ಮಾತನ್ನು ಈ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡವರಲ್ಲ. ತಲೆ ಕೆಟ್ಟ ದಿನ ಮನೆ ತುಂಬ ಜನ ಕೂತು ಕೇಳಿದರು.

ಮರುದಿನ ಅಡುಗೆಮನೆಯಲ್ಲಿ ಫಿಟ್ಸ್ ಬಂತು.

ಐಸಿಯು. ಬೆನ್ನುಹುರಿಯಿಂದ ನೀರು ತೆಗೆದು ಪರೀಕ್ಷೆಗೆ ಹೊರದೇಶಕ್ಕೆ ಕಳಿಸಿದರು. ನಾನು ಕೊಳವೆಗಳನ್ನು ಕಿತ್ತುಹಾಕುತ್ತಿದ್ದೆನೆಂದು ಕೈ ಕಟ್ಟಿದ್ದರಂತೆ. ಕೊನೆಗೆ ಹೆಸರು ಸಿಕ್ಕಿತು: ಆಟೋಇಮ್ಯೂನ್ ಎನ್ಸೆಫಲೈಟಿಸ್. ಸ್ಟೆರಾಯ್ಡ್, ಇಮ್ಯುನೊಗ್ಲೋಬ್ಯುಲಿನ್ ಡ್ರಿಪ್, ಪ್ಲಾಸ್ಮಾ ಎಕ್ಸ್‌ಚೇಂಜ್. ವಾರಗಳ ಮೇಲೆ ನಾನು ಪ್ರಕಾಶನನ್ನು ನೋಡಿ "ಶೇವ್ ಯಾಕೆ ಮಾಡಿಲ್ಲ?" ಎಂದೆನಂತೆ. ಅವನು ಕಾರಿಡಾರಿಗೆ ಹೋಗಿ ಅತ್ತ.

ನನಗೆ ಅರ್ಥಮಾಡಿಸಿದ್ದು ನ್ಯೂರಾಲಜಿಸ್ಟ್, ಇಲ್ಲಿಯವರೇ. ರೋಗಾಣುಗಳೊಡನೆ ಹೋರಾಡಬೇಕಾದ ಇಮ್ಯೂನ್ ಕೋಶಗಳು ನನ್ನ ಮೆದುಳಿನ ಮೇಲೆಯೇ ತಿರುಗಿಬಿದ್ದಿದ್ದವು. ಅವು ಮಾಡಿದ ಆಂಟಿಬಾಡಿಗಳು ಅಲ್ಲಿ ಅಂಟಿಕೊಂಡು ಉರಿಯೂತ ಎಬ್ಬಿಸಿದ್ದವು. "ನಿಮ್ಮ ಗೇಟಿನಲ್ಲಿ ಅಸ್ಕಾರಿ ಇದ್ದಾನಲ್ಲ? ಆ ಕಾವಲಿನವನು ಮನೆಯೊಡತಿಯನ್ನೇ ಕಳ್ಳಿ ಎಂದು ಹೊಡೆದ ಹಾಗೆ," ಎಂದರು ಇಂಗ್ಲಿಷಿನಲ್ಲಿ.

"ಅಷ್ಟು ದಿನ ನಾನೆಲ್ಲಿದ್ದೆ?" ಎಂದು ಕೇಳಿದೆ.

ಅವರು ನನ್ನ ಫೈಲಿನಲ್ಲಿ ಮುಂದಿನ ಡೋಸ್ ಬರೆದರು.

ಮನೆಗೆ ಬಂದ ಮೇಲೆ ನೈರೋಬಿಯ ಇನ್ನೊಂದು ತುದಿಯ ಕಸರಾನಿಯಿಂದ ಸುಮಾ ನೋಡಲು ಬಂದಳು. ಮೈಸೂರಿನವಳು, ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿಲ್ಲ, ಇಲ್ಲೇ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಳು. ಹೂವು, ರವಿಕೆ ಬಟ್ಟೆ ತಂದು ನನ್ನ ಮುಂದಿಟ್ಟಳು. ತಡೆಯುವಷ್ಟರಲ್ಲಿ ಕಾಲಿಗೆ ಬಿದ್ದಳು.

"ಇಂಜೆಕ್ಷನ್ ಎಲ್ಲಾ ನಿಲ್ಸಿಬಿಟ್ಟೆ ಅಕ್ಕ. ಆವತ್ತು ನೀವೇ ಹೇಳಿದ್ರಲ್ಲ, ಸೂಜಿ ಸಾಕು, ಮಗಳು ಬರ್ತಾಳೆ ಅಂತ."

"ನಾನಾ ಹೇಳಿದ್ದು?" ಎಂದೆ.

ಅವಳ ಫೋನಿನಲ್ಲಿ ವಿಡಿಯೋ ಇತ್ತು. ಕಣ್ಣಿಗೊತ್ತಿಕೊಂಡು ತೋರಿಸಿದಳು. ನನ್ನ ಹಸಿರು ರೇಷ್ಮೆ ಸೀರೆ, ನನ್ನ ಮುಖ. ಒಳಗಿದ್ದವಳು ಮಾತ್ರ ನಾನಲ್ಲ. ಅವಳು ಸುಮಾಳ ಕೆನ್ನೆ ಹಿಡಿದು, ನಾನೆಂದೂ ಯಾರಿಗೂ ತೋರಿಸದ ಅಕ್ಕರೆಯಿಂದ, "ಮಗಳು ಬರ್ತಾಳೆ" ಎನ್ನುತ್ತಿದ್ದಳು. ಈಗಲೂ ಕನ್ನಡಿ ನೋಡುವಾಗ ಅವಳು ಇನ್ನೂ ಅಲ್ಲಿರಬಹುದೆಂದು ಹೆದರುತ್ತೇನೆ. ಸುಮಾಗೆ ಏನೂ ಹೇಳದೆ ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತು. ಇಷ್ಟು ನಂಬಿಕೆಯಿಂದ ಯಾರೂ ನನ್ನನ್ನು ನೋಡಿರಲಿಲ್ಲ.

"ಸುಮಾ, ಅದು ದೇವಿಯಲ್ಲ ಕಣೇ. ನಾನೂ ಅಲ್ಲ. ಮೆದುಳಿನ ಉರಿಯೂತ. ಮರುದಿನವೇ ಫಿಟ್ಸ್ ಬಂತು ನಂಗೆ."

"ಹಾಗಾದ್ರೆ ಮಗಳು ಬರಲ್ವಾ ಅಕ್ಕ?"

"ನಂಗೆ ಗೊತ್ತಿಲ್ಲ."

ಅವಳು ಸೆರಗಿನಿಂದ ಫೋನಿನ ಸ್ಕ್ರೀನ್ ಒರೆಸುತ್ತಲೇ ಕೂತಳು. ನನಗೆ ಅವಳ ಮನೆಯನ್ನೇ ದೋಚಿದಂತಾಯಿತು.

"ನಾಳೆ ನಿನ್ನ ಡಾಕ್ಟರ್ ಹತ್ರ ಹೋಗೋಣ. ನಾನೂ ಬರ್ತೀನಿ," ಎಂದೆ. ಅವಳು ತಲೆಯಾಡಿಸಿದಳು.

ಹೊರಡುವಾಗ ಕುಂಕುಮ ಹಚ್ಚಿದೆ. ನನ್ನ ಕೈ ಇನ್ನೂ ನಡುಗುತ್ತದೆ. ಬೊಟ್ಟು ಹುಬ್ಬಿನವರೆಗೆ ಹರಡಿತು.

"ದೇವಿಯಾಗಿದ್ರೆ ನೆಟ್ಟಗೆ ಇಡ್ತಿದ್ಲು," ಎಂದೆ.

ಸುಮಾ ಅಳುತ್ತಲೇ ನಕ್ಕಳು. ನನ್ನ ನಡುಗುವ ಕೈಯನ್ನು ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಳು. ಈ ಸಲ ಕಾಲಿಗೆ ಬೀಳಲಿಲ್ಲ.