ತೋಳು ಹೊಲಿದ ಅಂಗಿ

ನಮ್ಮ ಅತ್ತಿಗೆ ಲೈಸೋಂಗಿಯ ಹತ್ತಿರ ಅಂಗಿ ಹೊಲಿಯಲು ಇದ್ದದ್ದು ಒಂದೇ ನಮೂನೆ. ಹಿಟ್ಟಿನ ಚೀಲದ ಕಾಗದದಲ್ಲಿ ಕತ್ತರಿಸಿಟ್ಟದ್ದು. ಸಡಿಲ ನಿಲುವಂಗಿ, ಬುಗ್ಗೆ ತೋಳು, ಕತ್ತಿಗೆ ಲೇಸು, ಸೊಂಟದ ಅಕ್ಕಪಕ್ಕ ಬಟ್ಟೆಯದೇ ಎರಡು ರೆಕ್ಕೆ. ದಪ್ಪಗಿರಲಿ, ತೆಳ್ಳಗಿರಲಿ, ಊರಿನ ಹೆಂಗಸರೆಲ್ಲ ಅದರೊಳಗೇ ತೂರಬೇಕು. ನಮ್ಮ ದ್ವೀಪಗಳ ರಾಜಧಾನಿ ವಿಲಾ ಪೇಟೆ ನೋಡಿ ಬಂದ ಹುಡುಗಿಯರು ಸೊಂಟ ಬಿಗಿ ಮಾಡಿಕೊಡಿ ಎಂದರೆ, "ಗಾಳಿ ಆಡ್ಲಿ ಬಿಡೇ, ಸೊಂಟ ಏನು ಓಡಿಹೋಗುತ್ತಾ?" ಎಂದು ಗದರಿಸಿ ಕಳಿಸುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಆ ನಮೂನೆಯನ್ನು ಬೆರಳಗಲವೂ ಬದಲಿಸಿದವಳಲ್ಲ.

ಆಮೇಲೆ ಅಳಿಯ ಕಾಲ್ತಾಕ್ ಅವಳ ಮಗಳು ರೊಸಿನಾಳ ಎಡಗೈ ಮುರಿದ. ಲಪ್‌ಲಪ್ ಬೇಯುವುದು ತಡವಾಯಿತಂತೆ! ತುರಿದ ಗೆಡ್ಡೆ ಬಿಸಿ ಕಲ್ಲಿನ ಕೆಳಗೆ ಬೇಯಬೇಕು, ಇವನಿಗೆ ಹಸಿವಾಯಿತೆಂದು ಬೇಗ ಬೇಯುತ್ತದೆಯೇ? ರೊಸಿನಾ ಕೈಗೆ ಪಟ್ಟಿ ಕಟ್ಟಿಸಿಕೊಂಡು ತವರಿಗೆ ಬಂದಳು. ಹಿಂದೆಯೇ ಅವನ ಕಡೆಯವರು ರಾಜಿಯ ಮಾತು ತಂದರು. ಒಂದು ಹಂದಿ, ಹನ್ನೆರಡು ಚಾಪೆ. ನೆಲಕ್ಕೆ ಹಾಸಿದ ಚಾಪೆಗಳನ್ನು ಹೆಣ್ಣಿನ ಕಡೆಯ ಹೆಂಗಸರು ಎರಡೂ ಕೈಯಲ್ಲಿ ಎತ್ತಿಕೊಂಡರೆ ನಮ್ಮೂರಲ್ಲಿ ಜಗಳ ಸತ್ತಂತೆ. ಅದೇ ಸಂಜೆ ಹುಡುಗಿ ಗಂಡನ ಹಿಂದೆ ಹೊರಡಬೇಕು.

ನನ್ನ ಅಣ್ಣ, ಆ ಹುಡುಗಿಯ ಹೆತ್ತಪ್ಪ, ಆಗಲಿ ಎಂದು ತಲೆಯಾಡಿಸಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆಯನ್ನು ನೋಡಿ ಇನ್ನೂ ಉರಿಯಿತು. ರಾಜಿಯ ದಿನಕ್ಕೆಂದು, ಚಾಪೆ ಎತ್ತಬೇಕಾದ ನಾವು ಹನ್ನೆರಡು ಹೆಂಗಸರಿಗೂ ಒಂದೇ ಬಟ್ಟೆಯಲ್ಲಿ ಅಂಗಿ ಹೊಲಿಯಲು ಕೂತಿದ್ದಳು.

"ಮಗಳನ್ನ ಕಟುಕನ ಕೈಗೆ ಕೊಡೋಕೆ ಲೇಸು ಬೇರೆ ಕೇಡು!" ಎಂದೆ.

"ಬಾಯಿ ಮುಚ್ಚು. ದಾರ ಕೊಡು" ಎಂದಳು.

ಶನಿವಾರ ಬೆಳಿಗ್ಗೆ ಅಂಗಿ ಹಂಚಿದಳು. ಮೊದಲು ತೊಟ್ಟವಳು ಅನೀಟಾ, ನಮ್ಮ ಚರ್ಚಿನ ತಾಯಂದಿರ ಸಂಘದ ಹಿರಿಯಳು. ತೊಟ್ಟವಳೇ ಒಳಗೆ ಒದ್ದಾಡತೊಡಗಿದಳು. ಎಡತೋಳನ್ನು ಉದ್ದ ಮಾಡಿ, ಅದರ ಬಾಯಿ ಹೊಲಿದು, ಮಡಿಸಿ ಎದೆಗೆ ಅಡ್ಡಲಾಗಿ ಗಟ್ಟಿ ಹೊಲಿಗೆ ಹಾಕಿದ್ದಳು ಅತ್ತಿಗೆ. ಕೈ ತೂರಿಸಿದರೆ ರೊಸಿನಾಳ ಪಟ್ಟಿ ಕಟ್ಟಿದ ಕೈಯ ಹಾಗೆ ಅದು ಅಲ್ಲೇ ನಿಲ್ಲಬೇಕು.

"ಏನೇ ಇದು ಲೈಸೋಂಗಿ, ತಲೆಗಿಲೆ ಕೆಟ್ಟಿದ್ಯಾ? ಚಾಪೆ ಹೆಂಗೆ ಎತ್ತೋದು?"

"ಎತ್ತಲೇಬೇಕು ಅನ್ನೋರು ಹೊಲಿಗೆ ಬಿಚ್ಚಿಕೊಳ್ಳಿ. ಕತ್ತರಿ ಅಲ್ಲಿದೆ."

ಅನೀಟಾ ಕತ್ತರಿ ಎತ್ತಿಕೊಂಡೇಬಿಟ್ಟಳು. ಬಾಗಿಲಲ್ಲಿ ರೊಸಿನಾ ನಿಂತಿದ್ದಳು. ಅನೀಟಾಳ ಗಂಡ ಹಿಂದೊಮ್ಮೆ ಅವಳ ಎರಡು ಹಲ್ಲು ಉದುರಿಸಿದ್ದ. ಆಗ ಚಾಪೆ ಎತ್ತಿ ಅವಳನ್ನು ಅವನ ಹಿಂದೆ ಕಳಿಸಿದವರು ನಾವೇ, ಥೂ! ಅನೀಟಾ ಹುಡುಗಿಯ ಕೈಯನ್ನೇ ನೋಡಿದಳು, ಕತ್ತರಿ ಕೆಳಗಿಟ್ಟಳು. "ನಡೀರಿ, ಹೊತ್ತಾಯ್ತು" ಎಂದಳು.

ಆಲದ ಮರದಡಿ ಚಾಪೆ ಹಾಸಿದ್ದರು. ಕಾಲ್ತಾಕ್ ತಲೆ ತಗ್ಗಿಸಿ, ಪಾಪದವನ ಮುಖ ಮಾಡಿಕೊಂಡು ನಿಂತಿದ್ದ. ಎತ್ತಿಕೊಳ್ಳಿ ಎಂದರು ಊರ ಯಜಮಾನರು. ಹನ್ನೆರಡು ಜನರೂ ನಿಂತಲ್ಲೇ ನಿಂತೆವು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮಾ. ಎತ್ತಿ."

"ಅಡಿಗೆ ಮಾಡೋ ಕೈನೇ ಮುರಿದುಹಾಕಿದಾನೆ" ಎಂದಳು ಅತ್ತಿಗೆ. "ಉಣ್ಣೋದು ಏನು ಯಜಮಾನ್ರೇ, ಮಣ್ಣಾ?"

"ನಿನ್ನ ಬಲಗೈ ಇದೆಯಲ್ಲ! ಅದರಲ್ಲೇ ಎತ್ತು."

"ಒಂಟಿ ಕೈಯಲ್ಲಿ ಚಾಪೆ ಎತ್ತಿದ್ರೆ ಕೊಟ್ಟೋರಿಗೆ ಅವಮಾನ ಅಂತ ಹೇಳಿಕೊಟ್ಟಿದ್ದು ನೀವೇ. ಮರೆತುಹೋಯ್ತಾ?"

ಯಜಮಾನರು ಅಣ್ಣನ ಕಡೆ ತಿರುಗಿದರು. ಅಣ್ಣ ಹಲ್ಲು ಕಡಿಯುತ್ತ ತಾನೇ ಚಾಪೆಗೆ ಬಗ್ಗಿದ.

"ಮುಟ್ಟು ನೋಡೋಣ!" ಎಂದು ಕಿರುಚಿದೆ. "ಹೆಂಗಸರ ಚಾಪೆ ಹೊತ್ತ ಗಂಡಸು ಅಂತ ಊರೆಲ್ಲ ಆಡ್ಕೊಳ್ಳಲಿ, ನಾನೇ ಮೊದಲು ನಗ್ತೀನಿ!"

ಬಗ್ಗಿದವನು ಹಾಗೆಯೇ ನೆಟ್ಟಗಾದ. ಬಿಸಿಲು ಇಳಿಯುವ ಹೊತ್ತಿಗೆ ತಂದವರೇ ಚಾಪೆ ಸುತ್ತಿಕೊಂಡರು, ಹಂದಿಯನ್ನೂ ಎಳೆದುಕೊಂಡು ಹೋದರು. ರೊಸಿನಾ ಹೋಗಲಿಲ್ಲ.

ಗೆದ್ದೆವೆಂದು ನಾನು ಎರಡು ದಿನ ಬೀಗಿದೆ. ಸೋಮವಾರ ಪಕ್ಕದ ಊರಿನ ಹೆಂಗಸೊಬ್ಬಳು ಬಟ್ಟೆ ಹಿಡಿದು ಬಂದಳು. ಎಡಗೈಯೊಂದರಲ್ಲೇ ಅದನ್ನು ಅತ್ತಿಗೆಯ ಮುಂದಿಟ್ಟು ಹೇಳಿದಳು: "ಅಕ್ಕಾ, ನಂಗೆ ಬಲಗಡೆ ಹೊಲ್ದುಕೊಡಿ."