ಎದುರುಮನೆಯ ಕಲಾಯಿ ಕ್ಲಾಸು

ಬನಹಟ್ಟಿಯ ಐಶ್ವರ್ಯ ಜಮಖಂಡಿಯಲ್ಲಿ ಟ್ಯೂಷನ್ ತೆರೆಯಲು ಬೇಕಂತಲೇ ಧರ್ಮರಾಜ ಸರ್ ಮನೆಯ ಎದುರಿನ ಅಂಗಡಿ ಹಿಡಿದಳು. ಬೋರ್ಡಿನ ಮೇಲೆ ಗೇಣುದ್ದದ ಅಕ್ಷರದಲ್ಲಿ ಬರೆಸಿದಳು: ‘ಕಲಾಯಿ ಕೆಮಿಸ್ಟ್ರಿ ಕ್ಲಾಸ್’. ನಿವೃತ್ತರಾದ ಸರ್ ಬೆಳಿಗ್ಗೆ ಚಹಾ ಹಿಡಿದು ಬಾಗಿಲಿಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಬೀಳಲಿ ಅಂತಲೇ ಬರೆಸಿದ್ದು.

ಆಕೆಗೆ ಆ ಅಡ್ಡಹೆಸರು ಅಂಟಿಸಿದವರೇ ಅವರು. ಪಿಯುಸಿಯಲ್ಲಿ ಸರ್ ಪಾಠ ಮಾಡುತ್ತಿದ್ದರು: ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಟ್ಟರೆ ಆಮ್ಲ, ಹೈಡ್ರಾಕ್ಸೈಡ್ ಬಿಟ್ಟರೆ ಪ್ರತ್ಯಾಮ್ಲ, ಅಲ್ಲಿಗೆ ಮುಗಿಯಿತು. ಐಶ್ವರ್ಯ ಎದ್ದು ನಿಂತಳು. ಹಿಂದಿನ ದಿನವಷ್ಟೇ ಅವಳವ್ವ ಅನ್ನವ್ವ ಹಿತ್ತಾಳೆ ಪಾತೇಲಿಗೆ ಕಲಾಯಿ ಹಾಕಿಸಿದ್ದಳು. ಕಾದ ಪಾತೇಲಿಗೆ ನವಸಾಗರದ, ಅಂದರೆ ಅಮೋನಿಯಂ ಕ್ಲೋರೈಡಿನ, ಪುಡಿ ತಿಕ್ಕಿದಾಗ ಬುಸ್ಸೆಂದು ಬಿಳಿ ಹೊಗೆ ಎದ್ದಿತ್ತು.

“ಸರ್, ನವಸಾಗರ ಕಾದ್ರ ಅಮೋನಿಯಾ ಬ್ಯಾರೆ, ಆಮ್ಲದ ಗ್ಯಾಸ್ ಬ್ಯಾರೆ ಆಗಿ, ಗಾಳ್ಯಾಗ ಮತ್ತ ಕೂಡ್ತಾವಂತ ಪುಸ್ತಕದಾಗ ಐತ್ರಿ. ಅಷ್ಟು ಕಾದ ಪಾತೇಲ್ಯಾಗ ನೀರು ಎಲ್ಲೈತ್ರಿ? ನೀರಿಲ್ದನ ಅದು ಆಮ್ಲ ಹ್ಯಾಂಗ ಆತ್ರಿ?”

“ನೀರು ನಿನ್ನ ತಲ್ಯಾಗ ತುಂಬೈತಿ! ಹೋಗಬೇ ಹೊರಗ, ಕಲಾಯಿ ಹಾಕಾಂವನ್ನ ಕೇಳು.”

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಅಂದಿನಿಂದ ಆಕೆ ಐಶ್ವರ್ಯ ಅಲ್ಲ, ಕಲಾಯಿ. ಬಸ್ಸಿನಲ್ಲಿ ಕಲಾಯಿ, ಮದುವೆ ಪಂಕ್ತಿಯಲ್ಲೂ, “ಏ ಕಲಾಯಿ, ನನ್ನ ಹಲ್ಲಿಗೂ ಒಂದೀಟು ಹಚ್ಚಲೇ!” ಆಕೆ ಎಂಎಸ್ಸಿ ಮಾಡಿದ್ದೇ ಆ ಸಿಟ್ಟಿನಲ್ಲಿ. ಎಲ್ಲರೆದುರು ‘ತಪ್ಪು ನಂದು’ ಅಂತ ಸರ್ ಬಾಯಿಂದ ಬರಬೇಕು; ಅದೊಂದೇ ಹಟ.

ಕ್ಲಾಸು ಬೆಳೆಯಿತು. ಚಿಮ್ಮಡ, ಹುನ್ನೂರಿನ ಮಕ್ಕಳೂ ಬಂದು ಕೂತರು. ಒಂದು ಸಂಜೆ ಸರ್ ತಮ್ಮ ಮೊಮ್ಮಗಳ ಕೈ ಹಿಡಿದು ರಸ್ತೆ ದಾಟಿದರು.

“ಹೈಡ್ರೋಜನ್ನೇ ಇಲ್ಲದ ಬೋರಾನ್ ಟ್ರೈಫ್ಲೋರೈಡ್ ಆಮ್ಲ ಹ್ಯಾಂಗ ಆಕ್ಕೈತಿ ಅಂತ ಕಾಲೇಜಿನ್ಯಾಗ ಕೇಳ್ಯಾರ. ಇಲೆಕ್ಟ್ರಾನ್ ಜೋಡಿ ಇಸ್ಕೊಳ್ಳೋದೂ ಆಮ್ಲನ ಅಂತ ನಾ ಹೇಳಿದ್ರ ಇಕಿಗೆ ತಿಳೀವಲ್ದು. ಕೂಡಿಸ್ಕೋಳವ್ವ.”

“ಕೂಡಿಸ್ಕೋತೇನ್ರಿ. ಮೊದಲ ನನ್ನ ಅವತ್ತಿನ ನವಸಾಗರದ ಪ್ರಶ್ನಿಗೆ ಉತ್ತರ ಹೇಳ್ರಿ. ಇಲ್ಲೇ, ಇವರೆಲ್ಲರ ಮುಂದ.”

ಮೇಜಿನ ಮೇಲೆ ಎರಡು ಬಾಟಲಿ ಇಟ್ಟಳು: ಒಂದು ಅಮೋನಿಯಾ, ಇನ್ನೊಂದು ಹೈಡ್ರೋಕ್ಲೋರಿಕ್ ಆಮ್ಲ. ಮುದುಕ ತಡವರಿಸಬೇಕು, ಬೆವರಬೇಕು, ತಾನು ಕಣ್ತುಂಬ ನೋಡಬೇಕು ಎಂದು ಕಾದಳು. ಸರ್ ಎರಡರ ಮುಚ್ಚಳವನ್ನೂ ತೆಗೆದರು. ನಡುವಿನ ಗಾಳಿಯಲ್ಲಿ ಬಿಳಿ ಹೊಗೆ ಎದ್ದಿತು.

“ನೋಡ್ರಿ, ಆಮ್ಲದ ಗ್ಯಾಸು ಪ್ರೋಟಾನ್, ಅಂದ್ರ ಹೈಡ್ರೋಜನ್ ಅಯಾನು, ಕೊಡ್ತು, ಅಮೋನಿಯಾ ಇಸ್ಕೊಂತು. ಕೊಡೂದು ಆಮ್ಲ, ಇಸ್ಕೊಳ್ಳೂದು ಪ್ರತ್ಯಾಮ್ಲ. ಇದಕ್ಕ ನೀರಿನ ಹಂಗಿಲ್ಲ.”

ಮಕ್ಕಳು ಚಪ್ಪಾಳೆ ಹೊಡೆದರು. ಐಶ್ವರ್ಯಳ ಮೈಯೆಲ್ಲ ಉರಿಯಿತು. ಪಾಪ, ಮನುಷ್ಯನಿಗೆ ಗೊತ್ತಿರಲಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದಳು.

“ಅಂದ್ರ ಅವತ್ತೂ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಮತ್ಯಾಕ ಹೊರಗ ಹಾಕಿದ್ರಿ?”

ಸರ್ ಮೊಮ್ಮಗಳ ಕಡೆ ನೋಡಿದರು. ಆ ಹುಡುಗಿಯೂ ಉತ್ತರಕ್ಕೇ ಕಾಯುತ್ತಿದ್ದಳು.

“ಮುಗೀತು ಅಂದಿದ್ದೆ. ಮುಗದಿಲ್ಲಂತ ಒಂದು ಹುಡುಗಿ ತೋರಿಸಿದ್ಲು. ತಡಕೊಳ್ಳಾಕ ಆಗ್ಲಿಲ್ಲ. ತಪ್ಪು ನಂದು.”

ಕೊನೆಯ ಮಾತನ್ನು ಕರವಸ್ತ್ರದೊಳಗೆ ಕೆಮ್ಮಿದಂತೆ ಆಡಿದರು.

“ಹೊಗಿ ಕುಡದು ಧ್ವನಿ ಇಳದೈತಿ ನೋಡ್ರಿ. ಹಿಂದಿನ ಬೆಂಚಿಗೆ ಕೇಳ್ಲಿಲ್ಲ. ಜೋರ್ ಹೇಳ್ರಿ.”

ಸರ್ ಗಂಟಲು ಸರಿಮಾಡಿಕೊಂಡು ಜೋರಾಗಿ ಹೇಳಿದರು. ಹಿಂದಿನ ಬೆಂಚು ಕೇಳಿಸಿತೆಂದು ತಲೆಯಾಡಿಸಿತು. ಐಶ್ವರ್ಯ ಇನ್ನೊಮ್ಮೆ ಹೇಳಿಸಿದಳು.