ನಾನು ಬರೆದುಕೊಳ್ಳದ ಹನ್ನೆರಡನೇ ಕಂತು

ಇಪ್ಪತ್ತಮೂರನೇ ಬಟ್ಟಲು ಕೆತ್ತಿದ ಮೇಲೆ ನನ್ನ ಕೈ ನಿಂತಿತು. ಅಷ್ಟಕ್ಕೂ ‘ಶಾಂತವ್ವನ ಸ್ಮರಣಾರ್ಥ’ ಎಂಬುದರ ಕೆಳಗೆ ನಾನು ಒಂದು ತಾರೀಖು ಹಾಕಿಬಿಟ್ಟಿದ್ದೆ.

ಮೇ ಏಳು. ಆಗಿನ್ನೂ ಜನವರಿ. ಶಾಂತವ್ವ ಗಟ್ಟಿಯಾಗಿ ಬದುಕಿದ್ದಳು...

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮೂಡಲಗಿಯಲ್ಲಿ ನನ್ನದು ಸ್ಟೀಲ್ ಪಾತ್ರೆಗಳ ಅಂಗಡಿ. ಅಪ್ಪ ಊರೂರು ತಿರುಗಿ ತಾಮ್ರದ ಕೊಡಗಳಿಗೆ ಕಲಾಯಿ ಹಾಕುತ್ತಿದ್ದರು. ನಾನು ಅದೇ ಊರುಗಳಿಗೆ ಕಂತಿನ ಸ್ಕೀಮು ಹಚ್ಚಿದೆ. ತಿಂಗಳಿಗಿಷ್ಟು ಕಟ್ಟಿ, ಕಾರ್ಯ ಬಂದಾಗ ಪಾತ್ರೆ ಒಯ್ಯಿರಿ.

ಮದುವೆ, ಸೀಮಂತ, ಗೃಹಪ್ರವೇಶ, ಇವೆಲ್ಲ ಹೇಳಿಯೇ ಬರುವ ಖರ್ಚುಗಳು. ಆದರೂ ಬಂದ ದಿನ ಮಂದಿ ಬೆಚ್ಚಿಬೀಳುತ್ತಾರೆ. ಆ ಬೆಚ್ಚುವಿಕೆಯ ಮೇಲೆಯೇ ನನ್ನ ಅಂಗಡಿ ನಿಂತಿದೆ, ಸುಳ್ಳೇಕೆ ಹೇಳಲಿ.

ಶಾಂತವ್ವ ಬೆಚ್ಚುವ ಪೈಕಿ ಅಲ್ಲ. ಕಲ್ಲೋಳಿಯವಳು, ಅರವತ್ತು ದಾಟಿದೆ, ಮೂಡಲಗಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ಪಗಾರ ಏಳನೇ ತಾರೀಖು. ಅಂದೇ ನನ್ನ ಕಂತು.

ಅವಳು ಕಟ್ಟುತ್ತಿದ್ದದ್ದು ತನ್ನದೇ ತಿಥಿಗೆ.

ಸತ್ತವರ ಹೆಸರು ಕೆತ್ತಿಸಿ ಬಂಧುಗಳಿಗೆ ಬಟ್ಟಲು ಹಂಚುವ ರೂಢಿ ಅವಳ ಮನೆತನದಲ್ಲಿದೆ. ಗಂಡ ಹೋದಾಗ ಆ ಖರ್ಚಿಗೆಂದು ಅವಳ ಹಾಲಿನ ಎಮ್ಮೆ ಮಾರಿದ್ದರಂತೆ.

“ಸಾಯೂದು ಗೊತ್ತಿದ್ದ ಖರ್ಚಲ್ಲೋ ಮೌಲಾ? ಗೊತ್ತಿದ್ದೂ ಮಗನ ಕಡಿಂದ ಮತ್ತೊಂದ ಎಮ್ಮಿ ಯಾಕ ಮಾರಸ್ಲಿ?”

ನೂರು ಬಟ್ಟಲು, ಹನ್ನೆರಡು ಕಂತು. ಹೆಸರು ಈಗಲೇ ಕೆತ್ತು, ತಾರೀಖಿನ ಜಾಗ ಖಾಲಿ ಬಿಡು, ಅದನ್ನು ಮಗ ಹಾಕಿಸುತ್ತಾನೆ ಅಂದಿದ್ದಳು.

ಅವತ್ತು ಬೆಳಿಗ್ಗೆಯಿಂದ ಹುಕ್ಕೇರಿಯ ಮದುವೆಯೊಂದರ ಆರ್ಡರ್ ಕೆತ್ತುತ್ತಿದ್ದೆ. ಐನೂರು ಬಟ್ಟಲು, ಎಲ್ಲದಕ್ಕೂ ಮೇ ಏಳು. ಆಮೇಲೆ ಶಾಂತವ್ವನ ಬಟ್ಟಲು ಎತ್ತಿಕೊಂಡೆ. ಬುದ್ಧಿ ಚಹಾಕ್ಕೆ ಹೋಗಿತ್ತು, ಕೈ ಮಾತ್ರ ಡ್ಯೂಟಿಯಲ್ಲಿತ್ತು.

ಒಂದನ್ನು ಪಾಲಿಶ್ ಮಷಿನ್ನಿಗೆ ಹಿಡಿದೆ. ಅಂಕಿ ಹೋಯಿತು. ಬಾಗಿಲ ಬಿಸಿಲಿಗೆ ಓರೆ ಮಾಡಿದರೆ ಮತ್ತೆ ಕಾಣಿಸಿತು. ಇನ್ನೂ ಉಜ್ಜಿದೆ... ಬಟ್ಟಲು ತೆಳ್ಳಗಾಯಿತು, ಏಳು ಹೋಗಲಿಲ್ಲ.

ಅಷ್ಟರಲ್ಲಿ ಅವಳೇ ಬಂದಳು.

ಶಾಂತವ್ವನಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಬಟ್ಟಲೊಂದನ್ನು ಎತ್ತಿ, ಅಂಕಿಗಳ ಮೇಲೆ ಬೆರಳಾಡಿಸಿದಳು.

“ಈ ತಾರೀಖ ನಿನಗ ಯಾರ ಹೇಳಿದ್ರು?”

“ಯಾರೂ ಹೇಳಿಲ್ಲಬೇ ಯವ್ವಾ, ಕೈ ತಪ್ಪೇತಿ. ಹುಕ್ಕೇರಿ ಲಗ್ನದ ತಾರೀಖದು. ಬ್ಯಾರೆ ಬಟ್ಟಲಾ ಕೊಡ್ತೇನಿ, ಖರ್ಚ ನಂದು.”

“ನೀ ಖರ್ಚ ನಂದು ಅಂದಿ ಅಂದ್ರ ಇದು ಸಣ್ಣ ಮಾತಲ್ಲ ಬಿಡು!” ಎಂದು ನಕ್ಕಳು. ಆಮೇಲೆ ನಗಲಿಲ್ಲ. “ನನ್ನ ಕಡೀ ಕಂತು ಯಾವಾಗ ಐತಿ ನೋಡು.”

ಪುಸ್ತಕ ತೆಗೆದೆ. ನನ್ನದೇ ಅಕ್ಷರ. ಹನ್ನೆರಡನೇ ಕಂತು, ಮೇ ಏಳು.

ಇಷ್ಟು ವರ್ಷ ಆ ಪುಸ್ತಕ ನೋಡಿ ನನಗೆ ಖುಷಿಯಾಗಿದೆ, ಸಿಟ್ಟು ಬಂದಿದೆ. ಹೆದರಿಕೆಯಾದದ್ದು ಅದೇ ಮೊದಲು.

“ಲೆಕ್ಕ ಬರೋಬ್ಬರಿ ಕುಂತೈತಿ,” ಅಂದಳು ಶಾಂತವ್ವ. “ಅಳಸಬ್ಯಾಡ. ಉಳದದ್ದಕ್ಕೂ ಅದನ್ನ ಹಾಕು.”

ಹಾಕಲಿಲ್ಲ.

ಅಲ್ಲಿಂದ ಅವಳು ಒಂದೊಂದೇ ಮುಗಿಸುತ್ತ ಬಂದಳು. ಮನೆಗೆ ಸುಣ್ಣ ಬಳಿಸಿದಳು. ಮೊಮ್ಮಗಳ ಮುಂದಿನ ವರ್ಷದ ಫೀ ತೆಗೆದಿಟ್ಟಳು. ಖಾನಾವಳಿಯಲ್ಲಿ “ಮೇ ಆರರತನಾ ಬರ್ತೇನಿ” ಅಂದಳಂತೆ, ಯಾರೋ ಬೇರೆ ಊರಿಗೆ ಹೊರಟವರ ಹಾಗೆ.

ಏಪ್ರಿಲ್ ಕಂತು ಬರೆದುಕೊಳ್ಳುವಾಗ ನಾನು ನಿಶ್ಚಯ ಮಾಡಿದೆ. ಕೊನೆಯದನ್ನು ತೆಗೆದುಕೊಳ್ಳಬಾರದು. ಲೆಕ್ಕ ಮುಗಿಯದಿದ್ದರೆ ಅವಳೂ ಮುಗಿಯಲಾರಳು... ಹುಚ್ಚೇ ಸರಿ, ಆದರೆ ಆಗ ಅದೇ ಪಕ್ಕಾ ಅನಿಸಿತ್ತು.

ಬಾಜೂ ಬಟ್ಟೆ ಅಂಗಡಿಯ ಬಸಣ್ಣ ಕೇಳಿ ಬಿದ್ದು ಬಿದ್ದು ನಕ್ಕ. “ಏನೋ ಮೌಲಾ, ಬರೂ ರೊಕ್ಕಕ್ಕ ನೀ ಬಾಗಲಾ ಹಾಕಾಂವಾ? ಜ್ವರಾ ಗಿರಾ ಬಂದಾವೇನು?”

ಮೇ ಏಳರಂದು ಖರೇನೇ ಬಾಗಿಲು ಹಾಕಿ, ಗೋಕಾಕ ಬಸ್ಸು ಹತ್ತಿ ಹುಕ್ಕೇರಿಯ ಆ ಮದುವೆಗೆ ಹೋದೆ.

ಮಧ್ಯಾಹ್ನದ ಊಟ. ನೂರಾರು ಮಂದಿಯ ಕೈಯಲ್ಲಿ ನನ್ನ ಬಟ್ಟಲು, ಎಲ್ಲದರ ಮೇಲೂ ಅದೇ ತಾರೀಖು. ಪಾಯಸ ಕುಡಿದು ನಗುತ್ತಿದ್ದಾರೆ. ನನ್ನ ಕಣ್ಣಿಗೆ ಅದು ಮದುವೆಯಾಗಿ ಕಾಣುತ್ತಿಲ್ಲ.

ಫೋನ್ ಬಂತು.

“ಎಲ್ಲಿ ಅದೀಪಾ? ನಿನ್ನ ಅಂಗಡಿ ಮುಂದ ಕುಂತೇನಿ. ರೊಕ್ಕ ತಗೋ ಬಾ.”

“ಲಗ್ನಕ್ಕ ಬಂದೇನಿ ಯವ್ವಾ. ನಾಳೆ ಕೊಡಂತಿ.”

“ನಾಳೆ ನನ್ನ ಲೆಕ್ಕದಾಗ ಇಲ್ಲೋ.”

ಮರುದಿನ ಓಡೋಡಿ ಬಂದರೆ ಶಾಂತವ್ವ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ಜೀವಂತ! ನನಗೆ ಅಳು ಬಂತು. ಅವಳಿಗೆ ಸಿಟ್ಟು. ಅರಿವೆಯಲ್ಲಿ ಕಟ್ಟಿದ ರೊಕ್ಕವನ್ನು ನನ್ನ ಗಲ್ಲೆಯ ಮೇಲಿಟ್ಟು ಬಸ್ಸಿಗೆ ಹೋದಳು.

ಆ ಗಂಟು ನಾನಿನ್ನೂ ಬಿಚ್ಚಿಲ್ಲ.

ಕಳೆದ ವಾರ ಕಲ್ಲೋಳಿಗೆ ಹೋಗಿದ್ದೆ. ಡಾಕ್ಟರು ಏನೂ ಇಲ್ಲ ಅಂದಿದ್ದಾರೆ ಎಂದ ಮಗ. ಅವಳು ಮಾತ್ರ ಹೊಸ ಸೀರೆಯುಟ್ಟು ಹೊಸ್ತಿಲ ಬಳಿ ಕೂತಿರುತ್ತಾಳೆ. ಅವತ್ತಿನಿಂದ ನಿದ್ದೆಯಿಲ್ಲ, ಹಸಿವಿಲ್ಲ. ರೊಟ್ಟಿ ಬಡಿಯಲು ಹೋಗು ಅಂದರೆ, ಅಲ್ಲಿಯ ಕೆಲಸ ಮುಗಿಯಿತಲ್ಲ ಅನ್ನುತ್ತಾಳೆ.

ನನ್ನನ್ನು ನೋಡಿ ಒಂದೇ ಪ್ರಶ್ನೆ. “ಬರಕೊಂಡಿಯೇನು?”

“ಇಲ್ಲಬೇ.”

“ಹಿಂಗ ಎಷ್ಟ ದಿನಾ ಕುಂದರಸ್ತಿ ನನ್ನ?”

ಇದನ್ನು ಅಂಗಡಿಯಲ್ಲಿ ಕೂತೇ ಬರೆಯುತ್ತಿದ್ದೇನೆ. ಪುಸ್ತಕ ತೆರೆದಿದೆ, ಹನ್ನೊಂದು ಸಾಲು ತುಂಬಿವೆ, ಪೆನ್ನು ಕೈಯಲ್ಲಿದೆ.

ಅವಳನ್ನು ಉಳಿಸಿದ್ದೇನೋ, ತಡೆದು ಕೂರಿಸಿದ್ದೇನೋ ನನಗೆ ತಿಳಿಯುತ್ತಿಲ್ಲ... ನೀವಾಗಿದ್ದರೆ ಬರೆದುಕೊಳ್ಳುತ್ತಿದ್ದಿರಾ?